ಊಟದ ಕಾಲಂನಲ್ಲಿ ಬರೆದ ಗಂಜಿ

ಇಪ್ಪತ್ತಾರು ವರ್ಷಗಳಿಂದ ನಾನು ಜನರ ಮೈಯೊಳಗೆ ಹೋಗುವ ನೀರನ್ನೂ ಮೈಯಿಂದ ಹೊರಬರುವ ನೀರನ್ನೂ ಅಳೆಯುತ್ತಾ ಬಂದವಳು. ನರ್ಸ್ ಅಂದ ಕೂಡಲೇ ಜನ ಇಂಜೆಕ್ಷನ್ ನೆನಪು ಮಾಡಿಕೊಂಡು ತೋಳು ಸವರಿಕೊಳ್ಳುತ್ತಾರೆ. ಸೂಜಿ ಚುಚ್ಚುವುದು ಒಂದು ಕ್ಷಣದ ಕೆಲಸ. ಉಳಿದ ಹೊತ್ತೆಲ್ಲ ಹನಿ ಎಣಿಸುವುದು, ಬಾಟಲಿ ಬದಲಿಸುವುದು, ಮೂತ್ರದ ಚೀಲ ಎಷ್ಟು ತುಂಬಿದೆ ಎಂದು ಬಗ್ಗಿ ನೋಡುವುದು, ನೋಡಿದ್ದನ್ನು ಬರೆಯುವುದು. ನವಿ ಮುಂಬಯಿಯ ಕೋಪರಖೈರಣೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ವಾರ್ಡ್ ಇನ್‌ಚಾರ್ಜ್. ಬಾಯಿ ಜೋರು ಎಂದು ಹೆಸರು ಪಡೆದವಳು. ಆ ಹೆಸರನ್ನು ಕಷ್ಟಪಟ್ಟೇ ಸಂಪಾದಿಸಿದ್ದೇನೆ.

ತುರ್ಭೆಯ ಗೋದಾಮುಗಳಲ್ಲಿ ಮೂಟೆ ಹೊರುವವರು ಬೇಸಿಗೆಯಲ್ಲಿ ನಮ್ಮಲ್ಲಿಗೆ ಬರುತ್ತಾರೆ. ಬಂದವರೇ ತೋಳು ಚಾಚಿ, "ಸಿಸ್ಟರ್, ಏಕ್ ಬಾಟಲ್ ಚಢಾ ದೋ," ಅನ್ನುತ್ತಾರೆ. ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆಂದು ಅವರ ನಂಬಿಕೆ. ಬಾಯಿ ನೆಟ್ಟಗಿದೆಯಲ್ಲ, ನಿಂಬೆಹಣ್ಣಿನ ಶರಬತ್ತಿಗೆ ಉಪ್ಪು ಹಾಕಿ ಕುಡಿ ಎಂದು ಅರ್ಧಕ್ಕರ್ಧ ಜನರನ್ನು ಗದರಿಸಿ ಕಳಿಸುತ್ತೇನೆ. ಆದರೆ ಕೆಲವರ ಕಣ್ಣು ಗುಳಿಬಿದ್ದಿರುತ್ತದೆ. ಕೈಯ ಮೇಲಿನ ಚರ್ಮ ಚಿವುಟಿ ಬಿಟ್ಟರೆ ಎತ್ತಿದಲ್ಲೇ ನಿಂತಿರುತ್ತದೆ. ಅಂಥವರಿಗೆ ಡಾಕ್ಟರರು ಬರೆದ ಕೂಡಲೇ ಒಳ್ಳೆಯ ನರ ಹುಡುಕಿ ಸಲೈನ್ ಹಾಕುತ್ತೇನೆ. ಎರಡು ಗಂಟೆಯಲ್ಲಿ ಆ ಮನುಷ್ಯ ಎದ್ದು ಕೂತು ಬೀಡಿ ಕೇಳುತ್ತಾನೆ. ನನ್ನ ಕೆಲಸದಲ್ಲಿ ಕಣ್ಣಿಗೆ ಕಾಣುವ ಸಂತೋಷ ಅಂದರೆ ಅದೊಂದೇ.

ನೀರು ಕಡಿಮೆಯಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಮನುಷ್ಯ ಸಾಯುತ್ತಾನೆ ಎಂದರೆ ಯಾರೂ ನಂಬುವುದಿಲ್ಲ. ಹೃದಯಕ್ಕೆ ಒತ್ತುವ ಶಕ್ತಿ ಕಡಿಮೆಯಾದಾಗ ನೀರು ಮೊದಲು ಪಾದದಲ್ಲಿ ನಿಲ್ಲುತ್ತದೆ, ಆಮೇಲೆ ಮೊಣಕಾಲಿನವರೆಗೆ ಏರುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರರು ಕಟ್ಟು ಹಾಕುತ್ತಾರೆ. ಅದನ್ನು ಕಾಯುವುದು ನರ್ಸಿನ ಪಾಲು. ಹೊಸಬರಿಗೆ ನಾನು ಹೇಳಿಕೊಡುವ ಪಾಠವೂ ಅದೇ: ಲೋಟದ ನೀರು ಮಾತ್ರ ನೀರಲ್ಲ. ಚಹಾ, ಮಜ್ಜಿಗೆ, ಎಳನೀರು, ಬೇಳೆಯ ಕಟ್ಟು, ಬಾಯಲ್ಲಿ ಇಟ್ಟುಕೊಂಡ ಐಸಿನ ತುಂಡು, ಇಂಜೆಕ್ಷನ್ ಕೊಟ್ಟ ಮೇಲೆ ನಳಿಗೆ ತೊಳೆಯಲು ಬಿಡುವ ಐದು ಎಂ.ಎಲ್. ಕೂಡ ಚಾರ್ಟಿನಲ್ಲಿ ಬರಬೇಕು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಬೇಕು. ಒಂದೇ ದಿನದಲ್ಲಿ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ಒಂದು ಲೀಟರ್ ನೀರು. ಈ ಪಾಠವನ್ನು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ಇಷ್ಟು ಗೊತ್ತಿದ್ದವಳ ಮನೆಯಲ್ಲಿ ಆದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದವರು. ಸಪ್ಲೈಯರ್ ಆಗಿ ಸೇರಿ, ಕೊನೆಗೆ ಸಪ್ಲೈಯರ್‌ಗಳನ್ನೆಲ್ಲ ನೋಡಿಕೊಳ್ಳುವವರಾದರು. ಅವರದೊಂದು ನಿಯಮವಿತ್ತು. ಗಿರಾಕಿ ಕೂತು ಬಾಯಿ ತೆರೆಯುವ ಮೊದಲು ಮೇಜಿನ ಮೇಲೆ ನೀರಿನ ಗ್ಲಾಸು ಇರಬೇಕು. "ಕೂತವ ನೀರು ಕೇಳುವ ಹಾಗೆ ಆಗಬಾರದು," ಎಂದು ಹೊಸ ಸಪ್ಲೈಯರ್‌ಗಳಿಗೆ ಹೇಳುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ಅವರೂ ಅಮ್ಮನೂ ನನ್ನ ಜೊತೆ ಕಾಮೋಠೆಯ ಎರಡು ಕೋಣೆಯ ಮನೆಗೆ ಬಂದರು. ನಾನು ಮದುವೆಯಾಗಲಿಲ್ಲ. ಅದರ ಕಥೆ ಇಲ್ಲಿ ಬೇಡ.

ಎರಡು ವರ್ಷದ ಹಿಂದೆ ಅಪ್ಪಯ್ಯನ ಹೃದಯ ಸೋತಿದೆ ಎಂದು ಗೊತ್ತಾಯಿತು. ನಮ್ಮ ಆಸ್ಪತ್ರೆಯ ಡಾಕ್ಟರರೇ ನೋಡಿದರು. ಮೂತ್ರ ಹೋಗುವ ಗುಳಿಗೆ, ಉಪ್ಪು ಕಡಿಮೆ, ದಿನಕ್ಕೆ ಎಲ್ಲ ಸೇರಿ ಒಂದು ಲೀಟರ್ ನೀರು ಎಂದು ಬರೆದರು. ನಾನು ಮನೆಯನ್ನು ವಾರ್ಡು ಮಾಡಿಬಿಟ್ಟೆ. ಆಸ್ಪತ್ರೆಯಲ್ಲಿ ಬಳಸುವಂಥ ಗೆರೆ ಹಾಕಿದ ಜಗ್ಗು ಕೊಂಡು ತಂದೆ. ಬೆಳಿಗ್ಗೆ ಅದರಲ್ಲಿ ಒಂದು ಲೀಟರ್ ತುಂಬಿಡುವುದು, ಅಪ್ಪಯ್ಯನ ಬಾಯಿಗೆ ಹೋಗುವ ನೀರು ಅದರಿಂದಲೇ ಹೋಗಬೇಕು, ಚಹಾ ಮಜ್ಜಿಗೆ ಕೊಟ್ಟರೆ ಅಷ್ಟು ನೀರನ್ನು ಜಗ್ಗಿನಿಂದ ಸಿಂಕಿಗೆ ಚೆಲ್ಲಬೇಕು. ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಹಾಕಿದೆ. ತೂಕದ ಮೆಷಿನ್ ಅಡಿಗೆಮನೆಯ ಬಾಗಿಲಲ್ಲಿ ಇಟ್ಟೆ. ಒಂದು ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಕಾಲಂ ಎಳೆದೆ: ಊಟ, ನೀರು, ಮೂತ್ರ, ತೂಕ. ಬರೆಯುವ ಕೆಲಸ ಅಮ್ಮನದು. ಆ ಕಾಲಂಗಳನ್ನು ಎಳೆದವಳು ನಾನೇ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ಎರಡು ವಾರ ಸರಿಹೋಯಿತು ಎಂದುಕೊಂಡೆ. ಆಮೇಲೆ ತೂಕ ಏರತೊಡಗಿತು. ಒಂದು ದಿನ ಮುನ್ನೂರು ಗ್ರಾಂ, ಮರುದಿನ ಅರ್ಧ ಕಿಲೋ. ಕಣಕಾಲನ್ನು ಬೆರಳಿನಿಂದ ಒತ್ತಿದರೆ ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಬೀಳುತ್ತಿತ್ತು. ಜಗ್ಗು ನೋಡಿದರೆ ಸಂಜೆ ಸರಿಯಾಗಿ ತಳ ಕಾಣುತ್ತಿತ್ತು. ನೋಟ್‌ಬುಕ್ಕಿನ ನೀರಿನ ಕಾಲಂ ಒಂದು ದಿನವೂ ಒಂದು ಲೀಟರ್ ದಾಟಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು? ನಾನು ಇಪ್ಪತ್ತಾರು ವರ್ಷ ನೋಡಿದ್ದು ಒಂದೇ ಉತ್ತರ. ರೋಗಿಗಳು ಕದ್ದು ಕುಡಿಯುತ್ತಾರೆ. ಹೂದಾನಿಯ ನೀರು ಕುಡಿದವರನ್ನು ಕಂಡಿದ್ದೇನೆ. ಪಕ್ಕದ ಹಾಸಿಗೆಯವರ ಬಾಟಲಿ ಖಾಲಿ ಮಾಡಿದವರನ್ನು ಹಿಡಿದಿದ್ದೇನೆ.

"ಅಪ್ಪಯ್ಯ, ಬಾತ್‌ರೂಮಿನಲ್ಲಿ ನಲ್ಲಿ ನೀರು ಕುಡೀತಿದ್ದೀರಾ?" ಎಂದು ನೇರವಾಗಿಯೇ ಕೇಳಿದೆ.

ಅವರು ಮಂಚದ ಮೇಲೆ ಕೂತು ಊದಿದ ಕಾಲು ನೋಡಿಕೊಳ್ಳುತ್ತಿದ್ದರು. "ಇಲ್ಲ ಮಗಾ. ನಾನ್ಯಾಕೆ ಕುಡೀಲಿ? ನೀನು ಬೇಡ ಅಂದಿದ್ದಿಯಲ್ಲ."

"ಮತ್ತೆ ತೂಕ ಹೇಗೆ ಏರ್ತದೆ? ಗಾಳಿ ಕುಡಿದು ಏರ್ತದಾ?"

"ಅದು ನಂಗೆ ಎಂತ ಗೊತ್ತು? ನಾನು ಕುಡೀಲಿಲ್ಲ," ಅಂದರು.

ಹಿಡಿದುಬಿಟ್ಟಾಗ ಎಲ್ಲರೂ ಹೇಳುವುದು ಇದನ್ನೇ. ಬಾತ್‌ರೂಮಿಗೆ ಹೋಗಿ ನೋಡಿದೆ. ಮಗ್ಗು ಒದ್ದೆಯಾಗಿತ್ತು. ಬಾತ್‌ರೂಮಿನ ಮಗ್ಗು ಒದ್ದೆಯಾಗದೆ ಒಣಗಿರುತ್ತದೆಯೇ ಎಂದು ಈಗ ಕೇಳಿಕೊಳ್ಳುತ್ತೇನೆ. ಆವತ್ತು ನನಗೆ ಅದೇ ಸಾಕ್ಷಿಯಾಯಿತು. ಡಾಕ್ಟರರಿಗೆ ಫೋನಿನಲ್ಲಿ ಹೇಳಿದೆ. ಅವರು ನಕ್ಕು, ಎಲ್ಲರೂ ಹಾಗೇ ಸಿಸ್ಟರ್ ಅಂದು ಗುಳಿಗೆಯನ್ನು ಒಂದರಿಂದ ಎರಡಕ್ಕೆ ಏರಿಸಿದರು. ಗುಳಿಗೆ ಹೆಚ್ಚಾದ ಮೇಲೆ ಅಪ್ಪಯ್ಯನ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಕುರ್ಚಿಯಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ತೆಗೆದುಕೊಂಡು ಬಾತ್‌ರೂಮಿನ ಒಳಚಿಲಕ ಬಿಚ್ಚಿದೆ. ಅಪ್ಪಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದೆಂತಕ್ಕೆ ತೆಗೀತಿ?"

"ನೀವು ಒಳಗೆ ಬಿದ್ದರೆ ಬಾಗಿಲು ಒಡೀಬೇಕಾಗ್ತದೆ. ಅದಕ್ಕೆ."

ಅಪ್ಪಯ್ಯನಿಗೆ ಅರ್ಥವಾಗದೆ ಇರಲಿಲ್ಲ. ತಿರುಗಿ ಕೋಣೆಗೆ ಹೋದರು. ಅವರು ಸ್ನಾನಕ್ಕೆ ಹೋದಾಗ ಬಾಗಿಲು ಒಂದು ಗೇಣು ತೆರೆದಿರಬೇಕು, ಅಮ್ಮ ಹೊರಗೆ ಸ್ಟೂಲ್ ಹಾಕಿ ಕೂತಿರಬೇಕು ಎಂದು ಕಟ್ಟು ಮಾಡಿದೆ. ಎಪ್ಪತ್ತೆಂಟು ವರ್ಷದ ಮನುಷ್ಯ. ಹೋಟೆಲಿನ ಹುಡುಗರ ಕೋಣೆಯಲ್ಲಿ ಹತ್ತು ಜನರ ಜೊತೆ ಬದುಕುತ್ತಿದ್ದಾಗಲೂ ಅಂಗಿ ಬದಲಿಸಲು ಮೂಲೆ ಹುಡುಕುತ್ತಿದ್ದೆ ಎಂದು ಅವರೇ ಹೇಳಿದ್ದುಂಟು. ಈಗ ಸಂದಿಗೆ ಟವೆಲ್ ತೂಗುಹಾಕಿ, ಬೆನ್ನು ತಿರುಗಿಸಿ, ಐದು ನಿಮಿಷದಲ್ಲಿ ಸ್ನಾನ ಮುಗಿಸಿ ಬರುತ್ತಿದ್ದರು. ಬಾಯಿ ಮುಕ್ಕಳಿಸುವುದನ್ನೂ ಬಿಟ್ಟರು. ಹಲ್ಲುಜ್ಜಿ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಒಂದು ದಿನ ನಾನು ಡ್ಯೂಟಿಗೆ ಹೊರಟಾಗ ಎದುರು ಬಂದು ನಾಲಗೆ ಚಾಚಿ ತೋರಿಸಿದರು. ಅದು ಬಿರಿದು ಒಣಗಿತ್ತು. "ನೋಡು, ಕುಡಿದವನ ನಾಲಗೆಯಾ ಇದು?" ಅಂದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಾ, ರೈಲಿಗೆ ತಡವಾಗ್ತದೆ ಅಂದೆ.

ಆ ಸಮಯಕ್ಕೆ ನಮ್ಮ ವಾರ್ಡಿಗೆ ಕಲ್ಯಾಣದಿಂದ ಒಬ್ಬ ನರ್ಸ್ ಬಂದಿದ್ದಳು. ನಲವತ್ತು ದಾಟಿದ ಮರಾಠಿ ಹೆಂಗಸು. ಮಕ್ಕಳನ್ನು ದೊಡ್ಡದು ಮಾಡಲೆಂದು ಹದಿನಾಲ್ಕು ವರ್ಷ ಕೆಲಸ ಬಿಟ್ಟಿದ್ದು ಈಗ ಮರಳಿದವಳು. ಕಲ್ಯಾಣದಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಕೋಪರಖೈರಣೆ ಅಂತ ದಿನಾ ಎರಡು ಲೋಕಲ್ ಹಿಡಿದು ಬೆವರುತ್ತಾ ಬರುವಳು. ಕೈ ನಿಧಾನ. ಆದರೆ ಬರೆಯುವುದರಲ್ಲಿ ಮಾತ್ರ ಎತ್ತಿದ ಕೈ. ಚಾರ್ಟಿನ ಕೊನೆಯಲ್ಲಿ ಷರಾ ಎಂದು ಒಂದು ಸಣ್ಣ ಕಾಲಂ ಇರುತ್ತದೆ. ಯಾರೂ ಅದನ್ನು ತುಂಬುವುದಿಲ್ಲ. ಇವಳು ದುಂಡಗಿನ ಅಕ್ಷರದಲ್ಲಿ ರೋಗಿ ಹೇಳಿದ್ದನ್ನೆಲ್ಲ ಅಲ್ಲಿ ಬರೆಯುತ್ತಿದ್ದಳು: ಸೊಸೆ ಬಂದಿಲ್ಲವೆಂದು ಬೇಸರದಲ್ಲಿದ್ದಾರೆ. ಫ್ಯಾನಿನ ಶಬ್ದಕ್ಕೆ ನಿದ್ದೆ ಬರಲಿಲ್ಲ ಅಂದರು. ಅದೂ ಸಾಲದೆ ಬಂದು ನನಗೂ ಹೇಳುತ್ತಿದ್ದಳು. ನನಗೆ ರೇಗಿಹೋಯಿತು. ಇದು ಚಾರ್ಟು, ಕಥೆ ಪುಸ್ತಕ ಅಲ್ಲ, ಪ್ರತಿಯೊಬ್ಬರ ಗೋಳನ್ನು ತಂದು ನನ್ನ ಕಿವಿಗೆ ಹಾಕಬೇಡ, ಬರೆಯುವುದಿದ್ದರೆ ಬರೆದುಕೊಂಡು ಸುಮ್ಮನಿರು ಎಂದು ಎಲ್ಲರೆದುರು ಅವಳಿಗೆ ಹೇಳಿದೆ. ಅವಳು ತಲೆ ತಗ್ಗಿಸಿದಳು.

ಒಂದು ಮಧ್ಯಾಹ್ನ ಅವಳು ಒಂದು ಬೋಗುಣಿ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಮೂತ್ರಪಿಂಡ ಕೆಟ್ಟ ಮಾಲವಣದ ಕಡೆಯ ಅಜ್ಜಿಯೊಬ್ಬಳು ನಮ್ಮಲ್ಲಿದ್ದಳು. ಅವಳಿಗೂ ನೀರಿನ ಕಟ್ಟು ಇತ್ತು. ಅಜ್ಜಿಯ ಮಗಳು ಮನೆಯಿಂದ ಅಡಿಗೆ ತಂದಿದ್ದಳು.

"ಸಿಸ್ಟರ್, ಹೀ ಪೇಜ್ ಇಂಟೇಕ್‌ಮಧ್ಯೇ ಲಿಹಾಯ್ಚೀ ಕೀ ಜೇವಣಾತ್?" ಎಂದು ಕಲ್ಯಾಣದವಳು ಕೇಳಿದಳು. ಈ ಪೇಜನ್ನು ನೀರಿನ ಲೆಕ್ಕಕ್ಕೆ ಬರೆಯಬೇಕೋ ಊಟಕ್ಕೋ ಎಂದು.

ನಾನು ತಲೆ ಎತ್ತದೆ, "ಜೇವಣ್," ಅಂದೆ. ಊಟ.

ಅವಳಿಗೆ ಸಮಾಧಾನವಾಗಲಿಲ್ಲ. ಚಹಾ ಸೋಸುವ ಜರಡಿ ತಂದು ಬೋಗುಣಿಯನ್ನು ಅಳತೆಯ ಗ್ಲಾಸಿನ ಮೇಲೆ ಬಗ್ಗಿಸಿದಳು. ಕೆಂಪು ಅಕ್ಕಿಯ ಅಗುಳು ಜರಡಿಯಲ್ಲಿ ಒಂದು ಹಿಡಿ ಉಳಿಯಿತು. ಕೆಳಗೆ ಗ್ಲಾಸು ತುಂಬಿತು. "ದೋನ್‌ಶೇ ಐಂಶಿ," ಅಂದಳು. ಇನ್ನೂರ ಎಂಬತ್ತು ಎಂ.ಎಲ್.

ನಾನು ಆ ಗ್ಲಾಸನ್ನು ನೋಡುತ್ತಾ ಕೂತೆ. ತೆಳು ಕೆಂಪು ಬಣ್ಣದ, ಸ್ವಲ್ಪ ಮಂದವಾದ, ಬಿಸಿ ಆರುತ್ತಿದ್ದ ತಿಳಿ. ಅವರ ಪೇಜ್ ಅಂದರೆ ನಮ್ಮ ಗಂಜಿ. ಕುಚ್ಚಲಕ್ಕಿಯ ಗಂಜಿ. ಅಪ್ಪಯ್ಯ ಬೆಳಿಗ್ಗೆ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಉಣ್ಣುವ ಗಂಜಿ. ನಾವು ಗಂಜಿಯನ್ನು ಕುಡಿಯುವುದಿಲ್ಲ, ಉಣ್ಣುತ್ತೇವೆ. ಗಂಜಿ ಊಟ ಆಯ್ತಾ ಎಂದೇ ಕೇಳುತ್ತೇವೆ. ಅಮ್ಮ ನೋಟ್‌ಬುಕ್ಕಿನಲ್ಲಿ ಒಂದು ದಿನವೂ ತಪ್ಪಿಸದೆ ಬರೆದಿದ್ದಳು, ಊಟದ ಕಾಲಂನಲ್ಲಿ: ಗಂಜಿ, ಬಾಳೆಕಾಯಿ ಪಲ್ಯ. ಗಂಜಿ, ಹೆಸರುಕಾಳು. ದಿನಾ ಅದನ್ನು ಓದಿದ್ದೆ. ಓದಿ, ಮುಂದಿನ ಕಾಲಂಗೆ ಹೋಗಿ, ಅಪ್ಪಯ್ಯನನ್ನು ಕಳ್ಳ ಅಂದಿದ್ದೆ.

ಸಂಜೆ ಪನವೇಲ್ ಗಾಡಿಯಲ್ಲಿ ನಿಂತು ಲೆಕ್ಕ ಹಾಕುತ್ತಾ ಬಂದೆ. ಲೆಕ್ಕ ಹಾಕುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ, ಆದರೂ ತುರ್ಭೆಯಿಂದ ನಾನು ಇಳಿಯುವ ಮಾನಸರೋವರ ಸ್ಟೇಷನ್ನಿನವರೆಗೆ ಮತ್ತೆ ಮತ್ತೆ ಕೂಡಿದೆ. ಮನೆಗೆ ಬಂದು ಸೀದಾ ಅಡಿಗೆಮನೆಗೆ ಹೋಗಿ, ಅಮ್ಮ ರಾತ್ರಿಗೆಂದು ಬಡಿಸಿಟ್ಟಿದ್ದ ಬಟ್ಟಲಿನ ಗಂಜಿಯನ್ನು ಜಗ್ಗಿಗೆ ಸೋಸಿದೆ. ಮುನ್ನೂರೈವತ್ತು. ಎರಡು ಹೊತ್ತು ಸೇರಿದರೆ ಏಳುನೂರು. ಅಮ್ಮ ಸೌಟು ಹಿಡಿದು ನಿಂತಿದ್ದಳು.

"ಎಂತ ಮಾಡ್ತಿದ್ದಿ ಮಾರಾಯ್ತಿ? ಗಂಜಿಯ ತಿಳಿಯನ್ನು ಯಾರಾದ್ರೂ ಅಳೀತಾರಾ?"

"ಇದೂ ನೀರೇ ಅಮ್ಮ. ಇದೇ ಕಾಲಲ್ಲಿ ನಿಂತದ್ದು."

ಅಮ್ಮ ಬಗ್ಗಿ ಜಗ್ಗಿನ ಗೆರೆ ನೋಡಿದಳು. ಆಮೇಲೆ ಅವಳ ಮುಖ ಬಾಡಿತು. "ಹಾಗಾದ್ರೆ ಅವರು ಕುಡೀಲೇ ಇಲ್ಲ," ಅಂದಳು. "ಹೋಗಿ ಹೇಳು."

ಹಾಲ್‌ನಲ್ಲಿ ಟಿ.ವಿ. ಹಾಕಿಕೊಂಡು ಅಪ್ಪಯ್ಯ ಕಾಲು ಎತ್ತರಕ್ಕೆ ಇಟ್ಟು ಕೂತಿದ್ದರು. ಹತ್ತು ಹೆಜ್ಜೆ ಹಾಕಿದರೆ ಮುಗಿಯಿತು. ನಾನು ಹಾಕಲಿಲ್ಲ. ಈಗ ಬೇಡ, ಗಂಜಿಯೂ ಹೋಯಿತು ಅಂದರೆ ಅವರಿಗೆ ಬೇಜಾರಾಗ್ತದೆ, ನಿಧಾನಕ್ಕೆ ಹೇಳುತ್ತೇನೆ ಎಂದು ಅಮ್ಮನ ಬಾಯಿ ಮುಚ್ಚಿಸಿದೆ. ಅದು ಸುಳ್ಳು. ನನಗೆ ನಾಚಿಕೆಯಾಗಿತ್ತು. ವಾರ್ಡಿನಲ್ಲಿ ಎಲ್ಲರ ತಪ್ಪು ಎತ್ತಿ ಆಡುವವಳಿಗೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವೇ ಇರಲಿಲ್ಲ.

ಮರುದಿನದಿಂದ ಅಮ್ಮ ಗಂಜಿಯ ತಿಳಿ ಬಸಿದು ಗಟ್ಟಿ ಮಾತ್ರ ಬಡಿಸಿದಳು. "ಇದೆಂತ, ಗಂಜಿಯಾ ಅನ್ನವಾ?" ಎಂದು ಅಪ್ಪಯ್ಯ ಕೇಳಿದರು. ಕುಕ್ಕರಿನಲ್ಲಿ ನೀರು ಕಡಿಮೆಯಾಯಿತು ಎಂದು ಅಮ್ಮ ನನ್ನ ಮುಖ ನೋಡುತ್ತಾ ಹೇಳಿದಳು. ಅಪ್ಪಯ್ಯ ಅದನ್ನೂ ಉಂಡರು. ವಾರದಲ್ಲಿ ತೂಕ ಎರಡೂವರೆ ಕಿಲೋ ಇಳಿಯಿತು. ಕಣಕಾಲಿನ ಮೂಳೆ ಕಾಣತೊಡಗಿತು.

ತೋರಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರರು ತೂಕ ನೋಡಿ ಖುಷಿಯಾದರು. ಅಪ್ಪಯ್ಯನ ಭುಜ ತಟ್ಟಿ, "ಬೇಟೀ ನೇ ಚೋರೀ ಕಾ ಪಾನೀ ಬಂದ್ ಕಿಯಾ ನಾ? ಅಬ್ ದೇಖೋ, ಕೈಸೇ ಉತರ್ ಗಯಾ!" ಅಂದರು. ಕದ್ದು ಕುಡಿಯುವುದನ್ನು ಮಗಳು ನಿಲ್ಲಿಸಿದಳು, ಅದಕ್ಕೆ ಇಳಿಯಿತು ಎಂದು. ಅಪ್ಪಯ್ಯ ನನ್ನ ಕಡೆ ತಿರುಗಿದರು. ನಾನು ಆಗ ಬಾಯಿ ತೆರೆಯಬೇಕಿತ್ತು. ನನ್ನ ಡಾಕ್ಟರರು, ನನ್ನ ಆಸ್ಪತ್ರೆ, ಬಾಗಿಲಲ್ಲಿ ನನ್ನ ಕೈಕೆಳಗಿನ ಇಬ್ಬರು ನರ್ಸುಗಳು. ನಾನು ಔಷಧದ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. ಗುಳಿಗೆ ಮತ್ತೆ ಒಂದಕ್ಕೆ ಇಳಿಸಬಹುದಾ ಎಂದು ಕೇಳಿದೆ. ರಿಕ್ಷಾ ಇಳಿದು ಮನೆಯ ಮೆಟ್ಟಿಲು ಹತ್ತುವಾಗ ಅಪ್ಪಯ್ಯ, "ನಾನು ಕುಡೀಲಿಲ್ಲ ಮಗಾ," ಎಂದು ಇನ್ನೊಮ್ಮೆ ಹೇಳಿದರು. ತೂಕ ಇಳಿದದ್ದೇ ಅವರು ಕಳ್ಳರಾಗಿದ್ದಕ್ಕೆ ರುಜುವಾತಾಗಿಬಿಟ್ಟಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆ ಭಾನುವಾರ ಚಿಲಕವನ್ನು ಮತ್ತೆ ಹಾಕಿದೆ. ಹಳೆಯ ತೂತುಗಳು ಸಡಿಲವಾಗಿದ್ದವು, ಬೆಂಕಿಕಡ್ಡಿ ತುರುಕಿ ಸ್ಕ್ರೂ ತಿರುಗಿಸಿದೆ. ಇಷ್ಟು ಮಾಡಿದರೆ ಹೇಳಿದ ಹಾಗೇ ಆಯಿತು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅಪ್ಪಯ್ಯ ಚಿಲಕವನ್ನು ನೋಡಿದರು. ಮುಟ್ಟಲಿಲ್ಲ. ಮುಂದೆಯೂ ಸ್ನಾನಕ್ಕೆ ಹೋದಾಗ ಬಾಗಿಲನ್ನು ಒಂದು ಗೇಣು ತೆರೆದೇ ಇಡುತ್ತಿದ್ದರು. ಸಂದಿಯಲ್ಲಿ ಟವೆಲ್ ತೂಗುತ್ತಿತ್ತು. ಅಮ್ಮ ಸ್ಟೂಲಿನಲ್ಲಿ ಕೂರುವುದನ್ನು ಬಿಟ್ಟಿದ್ದರೂ ಅವರು ಒಳಗಿನಿಂದ ಆಗಾಗ ಕೆಮ್ಮುತ್ತಿದ್ದರು, ಬಾಯಿ ಖಾಲಿ ಇದೆ ಎಂದು ತೋರಿಸುವ ಹಾಗೆ.

ಮಳೆಗಾಲ ಶುರುವಾದ ಮೇಲೆ ಅವರಿಗೆ ಎದೆಯಲ್ಲಿ ಸೋಂಕಾಯಿತು. ಜ್ವರ, ದಮ್ಮು. ನಮ್ಮ ವಾರ್ಡಿನಲ್ಲೇ ಕಿಟಕಿಯ ಪಕ್ಕದ ಹಾಸಿಗೆಗೆ ಸೇರಿಸಿದೆ. ಕೈಯ ನರ ನಾನೇ ಹುಡುಕಿದೆ. ಮುದುಕರ ನರ ಜಾರುತ್ತದೆ, ಎರಡನೆಯ ಸಲಕ್ಕೆ ಸಿಕ್ಕಿತು. ನೀಲಿ ತೊಟ್ಟಿನ ಸಣ್ಣ ಸೂಜಿ. ಅಪ್ಪಯ್ಯ ಮುಖ ತಿರುಗಿಸದೆ ನೋಡುತ್ತಿದ್ದರು. ಆಂಟಿಬಯೋಟಿಕ್ ಒಂದು ಸಣ್ಣ ಬಾಟಲಿಯಲ್ಲಿ, ನೂರು ಎಂ.ಎಲ್., ಒಂದು ಗಂಟೆಯಲ್ಲಿ ಹೋಗಬೇಕು. ಕೈಗಡಿಯಾರ ನೋಡಿಕೊಂಡು ನಿಮಿಷಕ್ಕೆ ಮೂವತ್ತಮೂರು ಹನಿಗೆ ಚಕ್ರ ತಿರುಗಿಸಿ ನಿಲ್ಲಿಸಿದೆ.

"ಇದನ್ನೂ ಬರೀಬೇಕಾ?" ಎಂದು ಅಪ್ಪಯ್ಯ ಕೇಳಿದರು.

"ಬರೀಬೇಕು. ಎಲ್ಲಾ ಬರೀಬೇಕು."

"ಹಾಗಾದ್ರೆ ಕುಡಿಯುವುದರಲ್ಲಿ ಇಷ್ಟು ಕಡಿಮೆ ಮಾಡಿಬಿಡು," ಅಂದರು.

ಅವರು ಏನೂ ತಿನ್ನುತ್ತಿರಲಿಲ್ಲ. ಎರಡನೆಯ ದಿನ ಅಮ್ಮನ ತಾಳ್ಮೆ ಕೆಟ್ಟಿತು. ಪಕ್ಕದ ಹಾಸಿಗೆಯಲ್ಲಿ ತುರ್ಭೆಯ ಹಮಾಲಿಯೊಬ್ಬನಿಗೆ ದೊಡ್ಡ ಸಲೈನ್ ಬಾಟಲಿ ಏರಿತ್ತು. ಅಮ್ಮ ಅದನ್ನು ತೋರಿಸಿ, "ಊರಿನವರಿಗೆಲ್ಲ ಬಾಟಲಿ ಹಾಕ್ತಿ. ಅಪ್ಪನಿಗೆ ಒಂದು ಬಾಟಲಿ ಹಾಕಲಿಕ್ಕೆ ನಿನ್ನ ಕೈ ಬರುದಿಲ್ಲ ಅಲ್ವಾ?" ಅಂದಳು. ಅವನ ಮೈ ಒಣಗಿದೆ, ಅಪ್ಪಯ್ಯನ ಮೈ ತುಂಬಿದೆ, ಆ ಬಾಟಲಿ ಅವನನ್ನು ಏಳಿಸುತ್ತದೆ, ಅಪ್ಪಯ್ಯನನ್ನು ಮುಳುಗಿಸುತ್ತದೆ. ಇದನ್ನು ನೂರು ಜನರ ಮನೆಯವರಿಗೆ ಹೇಳಿದ್ದೇನೆ. ಅಮ್ಮನಿಗೆ ಹೇಳಹೊರಟವಳು ಅರ್ಧಕ್ಕೇ ಬಿಟ್ಟು ಅಪ್ಪಯ್ಯನ ಹೊದಿಕೆ ಸರಿಮಾಡಿದೆ. ಅಪ್ಪಯ್ಯನೇ ಮುಖದ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿ, "ಬಿಡು, ಅವಳಿಗೆ ಗೊತ್ತುಂಟು," ಅಂದರು.

ಆ ಸಂಜೆ ಡ್ಯೂಟಿ ಮುಗಿಸಿ ಅವರ ಹಾಸಿಗೆಯ ಪಕ್ಕ ಸ್ಟೂಲ್ ಎಳೆದು ಕೂತೆ. ಹೊರಗೆ ಮಳೆ ಹೊಡೆಯುತ್ತಿತ್ತು. ಹೇಳಲೇಬೇಕು ಎಂದು ನಿಶ್ಚಯ ಮಾಡಿಯೇ ಕೂತಿದ್ದೆ.

"ಅಪ್ಪಯ್ಯ, ಆ ಗಂಜಿ ಉಂಟಲ್ಲ..." ಎಂದು ಶುರುಮಾಡಿದೆ.

"ಗಂಜಿ ಈಗ ಬೇಡ ಮಗಾ. ರುಚಿ ಇಲ್ಲ," ಎಂದು ಕಣ್ಣು ಮುಚ್ಚಿದರು. ಉಸಿರಿಗೇ ಅವರ ಶಕ್ತಿಯೆಲ್ಲ ಹೋಗುತ್ತಿತ್ತು. ಮಲಗಲಿ, ನಾಳೆ ಹೇಳುತ್ತೇನೆ ಅಂದುಕೊಂಡೆ. ಇಷ್ಟು ತಿಂಗಳು ಹೇಳದೆ ಇದ್ದವಳಿಗೆ ಇನ್ನೊಂದು ದಿನ ದೊಡ್ಡದು ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಹತ್ತೂವರೆಗೆ, ನಾನು ಎರಡು ಹಾಸಿಗೆಯಾಚೆ ಬೇರೆಯವರ ಬಾಟಲಿ ಬದಲಿಸುತ್ತಿದ್ದಾಗ, ಅಪ್ಪಯ್ಯನ ಉಸಿರು ಬದಲಾಯಿತು. ನಾನು ಓಡಿ ಹೋದೆ. ಡಾಕ್ಟರರು ಬಂದರು. ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಹನ್ನೊಂದಕ್ಕೆ ನಿಲ್ಲಿಸಿದೆವು. ಅಮ್ಮ ತುಳಸಿ ತಂದಿರಲಿಲ್ಲ. ಚಮಚದಲ್ಲಿ ನೀರು ತೆಗೆದು ತುಟಿಗೆ ಬಿಟ್ಟಳು, ಅದು ಕೆನ್ನೆಯ ಮೇಲೆ ಹರಿದು ದಿಂಬಿಗೆ ಹೋಯಿತು. ಆಮೇಲೆ ಚಮಚವನ್ನು ನನ್ನ ಕೈಗೆ ಕೊಟ್ಟಳು. ಐದು ಎಂ.ಎಲ್. ಎಂದು ನನ್ನ ತಲೆ ಹೇಳಿತು. ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಹದಿನಾಲ್ಕನೆಯ ದಿನ ಡ್ಯೂಟಿಗೆ ಹೋದೆ. ಮೇಜಿನ ಮೇಲೆ ಕಾಗದಗಳು ಬಿದ್ದಿದ್ದವು. ಬಿಡುಗಡೆಯಾದವರದೂ ತೀರಿಕೊಂಡವರದೂ ಚಾರ್ಟಿನ ಪ್ರತಿ ಹಾಳೆಗೆ ಇನ್‌ಚಾರ್ಜ್ ಸಹಿ ಬೇಕು. ಸಹಿ ಇಲ್ಲದೆ ರೆಕಾರ್ಡ್ ರೂಮಿನವರು ತೆಗೆದುಕೊಳ್ಳುವುದಿಲ್ಲ. ಅಪ್ಪಯ್ಯನದು ಮೂರು ಹಾಳೆ. ಮೊದಲ ಎರಡಕ್ಕೆ ಸಹಿ ಹಾಕಿದೆ. ಮೂರನೆಯದು ಕೊನೆಯ ದಿನದ್ದು. ಬೆಳಗಿನ ಎಂಟು ಗಂಟೆಯ ಸಾಲು ಕಲ್ಯಾಣದವಳ ದುಂಡಗಿನ ಅಕ್ಷರದಲ್ಲಿತ್ತು. ಬಾಯಿಂದ ಮೂವತ್ತು ಎಂ.ಎಲ್., ಸೂಜಿಯ ನಳಿಗೆಯಿಂದ ಐದು. ಪಕ್ಕದ ಷರಾ ಕಾಲಂನಲ್ಲಿ, ಕಾಲಂ ಸಾಲದೆ ಗೆರೆ ದಾಟಿ ಅಂಚಿನವರೆಗೆ, ಇಂಗ್ಲಿಷಿನಲ್ಲಿ ಬರೆದಿದ್ದಳು: ರೋಗಿ ಹೇಳುವುದೇನೆಂದರೆ, ತಾನು ಬಾತ್‌ರೂಮಿನಲ್ಲಿ ನೀರು ಕುಡಿದಿಲ್ಲ. ಮನೆಯಲ್ಲಿಯೂ ಕುಡಿದಿರಲಿಲ್ಲ. ಇದನ್ನೂ ಬರೆಯಬೇಕೆಂದು ಕೇಳಿಕೊಂಡರು. ಮಗಳು ನೋಡುತ್ತಾಳಂತೆ.

ಅವಳನ್ನು ಕರೆದೆ. ಹಾಳೆ ತೋರಿಸಿ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಂಟು ಗಂಟೆಗೆ ನಾನು ಅದೇ ವಾರ್ಡಿನಲ್ಲಿದ್ದೆ. ಅವರು ಇನ್ನೂ ಎರಡೂವರೆ ಗಂಟೆ ಕಣ್ಣು ಬಿಟ್ಟುಕೊಂಡಿದ್ದರು.

ಅವಳು ಸೆರಗಿನ ಪಿನ್ನು ಮುಟ್ಟಿಕೊಳ್ಳುತ್ತಾ ನಿಂತಳು. ಅವಳ ಮಾತಿನಲ್ಲಿ ಸೇಡು ಇರಲಿಲ್ಲ, ಹೆದರಿಕೆ ಇತ್ತು. ರೋಗಿಗಳ ಮಾತನ್ನು ನಿಮ್ಮ ಹತ್ತಿರ ತರಬೇಡ, ಬರೆದು ಸುಮ್ಮನಿರು ಎಂದು ನೀವೇ ಹೇಳಿದ್ದಿರಲ್ಲ ಸಿಸ್ಟರ್, ಅಂದಳು. ಆಮೇಲೆ ಕೇಳಿದಳು, ತಪ್ಪಾಗಿದ್ದರೆ ಅದನ್ನು ಹೊಡೆದುಹಾಕಲೇ?

ಬೇಡ ಅಂದೆ. ಚಾರ್ಟಿನಲ್ಲಿ ಬರೆದದ್ದನ್ನು ಹೊಡೆದುಹಾಕಬಾರದು ಎಂದು ಹೊಸಬರಿಗೆ ಹೇಳಿಕೊಡುವವಳೂ ನಾನೇ. ಅವಳನ್ನು ಕಳಿಸಿ, ಪೆನ್ನು ತೆಗೆದು, ಅವಳ ಸಾಲಿನ ಕೆಳಗೆ ಉಳಿದಿದ್ದ ಒಂದಿಷ್ಟು ಜಾಗದಲ್ಲಿ ಬರೆದೆ: ಹೇಳಿದ್ದು ನಿಜ. ನೀರು ಗಂಜಿಯಿಂದ ಬಂದದ್ದು. ಮಗಳಿಗೆ ಮೊದಲೇ ಗೊತ್ತಿತ್ತು. ಕೆಳಗೆ ಸಹಿ ಹಾಕಿ, ತಾರೀಖು ಹಾಕಿ, ಮೂರೂ ಹಾಳೆಗಳನ್ನು ಫೈಲಿಗೆ ಸೇರಿಸಿ ರೆಕಾರ್ಡ್ ರೂಮಿಗೆ ಕಳಿಸಿದೆ.